ಹುಲಿವೇಷದ ಪಟ್ಟೆ ಕಲಸಿಹೋಗದ ಹಾಗೆ: ಅನಿಮೇಷನ್ ಹಂಚಲು ಕಡಿಮೆ ಖರ್ಚಿನ ಎನ್‌ಕೋಡರ್

ಅಷ್ಟಮಿಯ ಮರುದಿನ, ವಿಟ್ಲಪಿಂಡಿಗೆ, ಉಡುಪಿಯ ರಥಬೀದಿಯಲ್ಲಿ ಕುಣಿಯುವ ಹುಲಿವೇಷವನ್ನೇ ವಸ್ತು ಮಾಡಿಕೊಂಡು ಒಂದೂವರೆ ನಿಮಿಷದ ಅನಿಮೇಷನ್ ಸಿದ್ಧವಾಗಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 90 ಸೆಕೆಂಡಿಗೆ 2160 ಚಿತ್ರ. 1920×1080 ಅಳತೆಯ ಒಂದು ಚಿತ್ರ ಕುಗ್ಗಿಸದೆ ಇಟ್ಟರೆ ಸುಮಾರು 6.2 ಎಂಬಿ, ಒಟ್ಟು 13.4 ಜಿಬಿ. ಯೂಟ್ಯೂಬ್‌ಗೆ ಏರಿಸುವ ಹೊತ್ತಿಗೆ ಅದು 90 ಎಂಬಿ ಆಸುಪಾಸಿಗೆ, ಅಂದರೆ ಸುಮಾರು ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿದಿರಬೇಕು. ಇಳಿಸುವ ಕೆಲಸ ಎನ್‌ಕೋಡರಿನದು. ಪಟ್ಟೆ ಪಟ್ಟೆಯಾಗಿಯೇ ಉಳಿಯುತ್ತದೋ, ಅರಸಿನಕ್ಕೆ ಮಸಿ ಕಲಸಿದಂತಾಗುತ್ತದೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ.

ದುಡ್ಡಿನ ಮಾತು ಮೊದಲೇ ಮುಗಿಸಿಬಿಡೋಣ. ಈ ಕೆಲಸಕ್ಕೆ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಹ್ಯಾಂಡ್‌ಬ್ರೇಕ್, ಶಾಟ್‌ಕಟ್, ಕೆಡೆನ್‌ಲೈವ್, ಶಟರ್ ಎನ್‌ಕೋಡರ್, ಬ್ಲೆಂಡರ್, ಕ್ರಿಟಾ ಇವೆಲ್ಲ ಉಚಿತ. ಎಚ್.264 (ವಿಡಿಯೊ ಕುಗ್ಗಿಸುವ ಒಂದು ಪದ್ಧತಿ) ಕಡತ ಮಾಡುವಾಗ ಇವುಗಳ ಒಳಗೆ ದುಡಿಯುವುದು ಹೆಚ್ಚಾಗಿ ಎಕ್ಸ್264 ಎಂಬ ಒಂದೇ ಎಂಜಿನ್. ಬಹುತೇಕ ಎಲ್ಲದರ ಬೆನ್ನಿಗೂ ಎಫ್‌ಎಫ್‌ಎಂಪೆಗ್ ಇದೆ. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರುಮಾಡಿದ, ಆದೇಶ ಟೈಪ್ ಮಾಡಿ ಬಳಸುವ ಈ ವಿಡಿಯೊ ಪರಿವರ್ತಕ ತಂತ್ರಾಂಶ ಇವತ್ತಿಗೂ ಉಚಿತವೇ. ಹೀಗಿರುವಾಗ "ಯಾವುದರ ಗುಣಮಟ್ಟ ಹೆಚ್ಚು" ಎಂದು ಕೇಳಿ ಪ್ರಯೋಜನವಿಲ್ಲ. ನಿಮ್ಮ ಕೈಯಲ್ಲಿರುವುದನ್ನು ಯಾವುದು ಒಳಗೆ ತೆಗೆದುಕೊಳ್ಳುತ್ತದೆ ಎಂದು ಕೇಳಬೇಕು. ಕೈಯಲ್ಲಿ ಸಾಲು ಚಿತ್ರಗಳಿವೆಯೇ, ಈಗಾಗಲೇ ಒಂದು ವಿಡಿಯೊ ಇದೆಯೇ, ಧ್ವನಿ ಬೇರೆ ಕಡತದಲ್ಲಿದೆಯೇ? ಆಯ್ಕೆ ಈ ಉತ್ತರದ ಮೇಲೆ ನಿಂತಿದೆ.

ಕೈಯಲ್ಲಿ ಏನಿದೆ, ಯಾವುದು ಸಾಕು

ವಿಡಿಯೊ ಕಡತ ಸಿದ್ಧವಿದ್ದು, ಅದನ್ನು ಚಿಕ್ಕದು ಮಾಡಬೇಕು ಅಷ್ಟೇ ಎಂದಾದರೆ ಹ್ಯಾಂಡ್‌ಬ್ರೇಕ್ ಸಾಕು. ಆದರೆ ಅದಕ್ಕೊಂದು ಮಿತಿಯಿದೆ, ತಿಳಿಯದೆ ಅರ್ಧ ದಿನ ಕಳೆಯುವವರಿದ್ದಾರೆ. ಪಿಎನ್‌ಜಿ ಚಿತ್ರಗಳ ಸಾಲನ್ನು ಅದು ತೆರೆಯುವುದೇ ಇಲ್ಲ. ಕತ್ತರಿಸಿ ಜೋಡಿಸುವ ಸೌಲಭ್ಯವೂ ಇಲ್ಲ.

ಚಿತ್ರಗಳ ಸಾಲು ಇದ್ದರೆ ಶಾಟ್‌ಕಟ್, ಶಟರ್ ಎನ್‌ಕೋಡರ್ ಅಥವಾ ಬ್ಲೆಂಡರಿನ ವಿಡಿಯೊ ಸೀಕ್ವೆನ್ಸರ್. ಶಾಟ್‌ಕಟ್‌ನಲ್ಲಿ ಮೊದಲ ಚಿತ್ರವನ್ನು ತೆರೆದು, ಪ್ರಾಪರ್ಟೀಸ್‌ನಲ್ಲಿ ಇಮೇಜ್ ಸೀಕ್ವೆನ್ಸ್ ಎಂಬಲ್ಲಿ ಗುರುತು ಹಾಕಿದರೆ ಉಳಿದವು ಹಿಂದೆಯೇ ಬರುತ್ತವೆ. ಅದಕ್ಕೂ ಮುಂಚೆ ವಿಡಿಯೊ ಮೋಡ್ 24 ಫ್ರೇಮಿಗೆ ಹೊಂದಿದೆಯೇ ನೋಡಿಕೊಳ್ಳಿ. ಶಟರ್ ಎನ್‌ಕೋಡರ್ ನೋಡಲು ಗಿಜಿಗಿಜಿ, ಆದರೆ ಒಂದೇ ಕಿಟಕಿಯಲ್ಲಿ ಎಲ್ಲ ಇದೆ. ಹಲವು ಕಡತ ಒಟ್ಟಿಗೆ ಹಾಕಿ ಊಟಕ್ಕೆ ಹೋಗುವವರಿಗೆ ಅದೇ ಒಳ್ಳೆಯದು.

ಕ್ರಿಟಾದಲ್ಲಿ ಚಿತ್ರ ಬರೆಯುವವರು 5.2 ಅಥವಾ ಅದರ ನಂತರದ ಆವೃತ್ತಿ ಹಾಕಿಕೊಳ್ಳಲಿ. ಎಫ್‌ಎಫ್‌ಎಂಪೆಗ್ ಅದರ ಜೊತೆಯಲ್ಲೇ ಬರುತ್ತದೆ. ಓಪನ್‌ಟೂಂಜ್‌ನಲ್ಲಿ ಎಂಪಿ4 ಆಯ್ಕೆ ಕಾಣಿಸದಿದ್ದರೆ ತಂತ್ರಾಂಶ ಕೆಟ್ಟಿಲ್ಲ, ಎಫ್‌ಎಫ್‌ಎಂಪೆಗ್ ಎಲ್ಲಿದೆ ಎಂಬ ದಾರಿಯನ್ನು ಪ್ರಿಫರೆನ್ಸಸ್‌ನಲ್ಲಿ ಕೊಟ್ಟಿಲ್ಲ ಅಷ್ಟೇ.

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಚಿತ್ರಗಳ ಸಾಲು ಒಂದೇ ಕ್ಲಿಪ್ಪಾಗಿ ಕಾಣಿಸುತ್ತದೆ, ಬಣ್ಣ ತಿದ್ದಲು ಅದಕ್ಕೆ ಸಾಟಿ ಕಡಿಮೆ. ಆದರೆ ಎನ್‌ಕೋಡ್ ಮಾಡುವುದಕ್ಕೆಂದೇ ಅದನ್ನು ಹಾಕಿಕೊಳ್ಳುವುದು ಬಾಳೆಹಣ್ಣು ಕೊಯ್ಯಲು ಮಚ್ಚು ತಂದ ಹಾಗೆ. 8 ಜಿಬಿ ರ‍್ಯಾಮ್ ಇರುವ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಅದು ತುಂಬ ಭಾರ. ಅಡೋಬಿ ಮೀಡಿಯಾ ಎನ್‌ಕೋಡರ್ ಬರುವುದು ತಿಂಗಳ ಚಂದಾದ ಜೊತೆಗೆ. ಆಫ್ಟರ್ ಇಫೆಕ್ಟ್ಸ್‌ಗೆ ಹೇಗೂ ಚಂದಾ ಕಟ್ಟುತ್ತಿದ್ದರೆ ಬಳಸಿ, ಇದೊಂದಕ್ಕಾಗಿ ಕಟ್ಟಬೇಡಿ.

ಉಚಿತ ಎಂಬುದರಲ್ಲೂ ಮೋಸವಿದೆ. "ಫ್ರೀ ವಿಡಿಯೊ ಕನ್ವರ್ಟರ್" ಎಂದು ಹುಡುಕಿದರೆ ಮೇಲೆ ಬರುವ ಹಲವು ತಂತ್ರಾಂಶಗಳು ಕೊನೆಯ ಗಳಿಗೆಯಲ್ಲಿ ಚಿತ್ರದ ಮೇಲೆ ತಮ್ಮ ಮುದ್ರೆ ಒತ್ತುತ್ತವೆ, ಇಲ್ಲವೇ ಅರ್ಧ ವಿಡಿಯೊ ಮಾತ್ರ ಕೊಡುತ್ತವೆ. ನೇರ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಅಲ್ಲಿಯೂ ಒಂದು ಎಚ್ಚರ ಬೇಕು. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕಿನ ಒಂದು ಡೌನ್‌ಲೋಡ್ ಸರ್ವರಿಗೆ ಕನ್ನ ಬಿದ್ದು, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕುತಂತ್ರಾಂಶ ಸೇರಿದ ಕಡತ ಕೆಲವು ದಿನ ಹಂಚಿಕೆಯಾಗಿತ್ತು. ತಾಣದಲ್ಲಿ ಕೊಟ್ಟಿರುವ ಚೆಕ್‌ಸಮ್ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು) ತಾಳೆ ನೋಡಲು ಒಂದು ನಿಮಿಷ ಸಾಕು.

ಮೊದಲ ಹೆಜ್ಜೆ: ನೇರ ವಿಡಿಯೊ ಬೇಡ, ಚಿತ್ರಗಳ ಸಾಲು

ನಮ್ಮ ಕರಾವಳಿಯಲ್ಲಿ ಈ ಹೆಜ್ಜೆಗೆ ಬೇರೆ ಊರಿಗಿಂತ ಒಂದು ಕಾರಣ ಹೆಚ್ಚು. ಪತ್ತನಾಜೆಯ (ಮೇ ಕೊನೆಯ) ಹೊತ್ತಿನ ಗುಡುಗು ಸಿಡಿಲಿಗೆ ಕರೆಂಟು ಯಾವಾಗ ಹೋಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆರು ಗಂಟೆ ರೆಂಡರ್ ಆಗಿ, ಇನ್ನು ಹತ್ತೇ ನಿಮಿಷ ಎನ್ನುವಾಗ ಕರೆಂಟು ಹೋದರೆ ನೇರ ಎಂಪಿ4ಗೆ ಬರೆಯುತ್ತಿದ್ದ ಕಡತ ತೆರೆಯುವುದೇ ಇಲ್ಲ. ಯಾವ ಫ್ರೇಮ್ ಕಡತದ ಯಾವ ಜಾಗದಲ್ಲಿದೆ ಎಂಬ ಸೂಚಿಯನ್ನು ಎಂಪಿ4 ಕೊನೆಗೆ ಬರೆಯುತ್ತದೆ. ಸೂಚಿ ಇಲ್ಲದಿದ್ದರೆ ಒಳಗಿರುವುದೆಲ್ಲ ಬರೀ ಕಸ. ಪಿಎನ್‌ಜಿ ಸಾಲಾದರೆ ಆಗ ಬರೆಯುತ್ತಿದ್ದ ಒಂದು ಚಿತ್ರ ಹಾಳಾಗಬಹುದು, ಉಳಿದದ್ದು ಕ್ಷೇಮ.

ಬ್ಲೆಂಡರಿನಲ್ಲಿ ಔಟ್‌ಪುಟ್ ಪ್ರಾಪರ್ಟೀಸ್‌ಗೆ ಹೋಗಿ ಪಿಎನ್‌ಜಿ, ಆರ್‌ಜಿಬಿ, 8 ಬಿಟ್ ಆರಿಸಿ. ಆರ್‌ಜಿಬಿಎ ಬೇಡ. ಎಚ್.264ಕ್ಕೆ ಪಾರದರ್ಶಕತೆ ಎಂಬುದು ಗೊತ್ತಿಲ್ಲ, ಹಿನ್ನೆಲೆ ಖಾಲಿ ಬಿಟ್ಟ ಜಾಗವೆಲ್ಲ ಆಮೇಲೆ ಕಪ್ಪಾಗುತ್ತದೆ. ಓವರ್‌ರೈಟ್ ಗುರುತು ತೆಗೆಯಿರಿ, ಪ್ಲೇಸ್‌ಹೋಲ್ಡರ್ಸ್ ಗುರುತು ಹಾಕಿ. ಕರೆಂಟು ಬಂದ ಮೇಲೆ ಮತ್ತೆ ರೆಂಡರ್ ಒತ್ತಿದರೆ ಆಗಿರುವ ಫ್ರೇಮುಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಆದರೆ ಒತ್ತುವ ಮುಂಚೆ ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ, 0 ಕೆಬಿ ಇರುವ ಚಿತ್ರವನ್ನು ಅಳಿಸಿ. ಅರ್ಧಕ್ಕೆ ನಿಂತ ಆ ಫ್ರೇಮನ್ನೂ "ಆಗಿದೆ" ಎಂದೇ ಬ್ಲೆಂಡರ್ ಎಣಿಸುತ್ತದೆ, ಕೊನೆಗೆ ವಿಡಿಯೊದ ನಡುವೆ ಒಂದು ಕಪ್ಪು ಮಿಂಚು ಉಳಿಯುತ್ತದೆ.

ಕಡತದ ಹೆಸರಿಗೆ ಬರೀ ಇಂಗ್ಲಿಷ್ ಅಕ್ಷರ, ಅಂಕೆ, ಅಡಿಗೆರೆ ಸಾಕು. ನಡುವೆ ಖಾಲಿ ಜಾಗ ಬೇಡ. ಸಂಖ್ಯೆ 0001ರಿಂದ ಶುರುವಾಗಲಿ. ನಡುವೆ ಒಂದು ಸಂಖ್ಯೆ ತಪ್ಪಿದರೂ ಎಫ್‌ಎಫ್‌ಎಂಪೆಗ್ ಅಲ್ಲಿಗೇ ನಿಲ್ಲುತ್ತದೆ, ದೊಡ್ಡ ಗಲಾಟೆ ಮಾಡದೆ. 90 ಸೆಕೆಂಡಿನ ವಿಡಿಯೊ 41 ಸೆಕೆಂಡಿಗೆ ಮುಗಿದರೆ ಮೊದಲು ಹುಡುಕಬೇಕಾದ್ದು 984ರ ಆಚೀಚಿನ ಚಿತ್ರವನ್ನು.

ಎರಡನೇ ಹೆಜ್ಜೆ: ಮೂಲಪ್ರತಿ

ಚಿತ್ರಗಳನ್ನು ಧ್ವನಿಯ ಜೊತೆ ಸೇರಿಸಿ ನಷ್ಟವಿಲ್ಲದ ಒಂದು ಮೂಲಪ್ರತಿ ಮಾಡಿಕೊಳ್ಳಿ. ಮುಂದಿನ ಎಲ್ಲ ಪ್ರತಿಗಳೂ ಇದರಿಂದಲೇ ಹುಟ್ಟಬೇಕು.

ಬ್ಲೆಂಡರಿನಲ್ಲಿ ಹೊಸ ವಿಡಿಯೊ ಎಡಿಟಿಂಗ್ ಕಡತ ತೆರೆಯಿರಿ. ಫ್ರೇಮ್ ರೇಟ್ 24 ಮಾಡಿ. ಇಮೇಜ್ ಸೀಕ್ವೆನ್ಸ್ ಸೇರಿಸಿ, ಸೌಂಡ್ ಸೇರಿಸಿ, ಎಂಡ್ ಫ್ರೇಮ್ 2160 ಮಾಡಿ. ಕಂಟೇನರ್ ಮಟ್ರೋಸ್ಕಾ, ಕೋಡೆಕ್ ಎಚ್.264, ಔಟ್‌ಪುಟ್ ಕ್ವಾಲಿಟಿ ಲಾಸ್‌ಲೆಸ್. ಆಡಿಯೊ ಕೋಡೆಕ್ ಎಂಬಲ್ಲಿ "ನೋ ಆಡಿಯೊ" ಎಂದಿರಬಹುದು, ಅದನ್ನು ಬದಲಿಸದವರ ವಿಡಿಯೊ ಮೂಕವಾಗುತ್ತದೆ. ಕಂಟ್ರೋಲ್ ಹಿಡಿದು ಎಫ್12 ಒತ್ತಿ. ಒಂದೇ ಬಣ್ಣದ ದೊಡ್ಡ ದೊಡ್ಡ ಜಾಗಗಳಿರುವ 2ಡಿ ಅನಿಮೇಷನ್ ಆದರೆ ನಷ್ಟವಿಲ್ಲದ ಕಡತವೂ ಹೆದರುವಷ್ಟು ದೊಡ್ಡದಾಗುವುದಿಲ್ಲ. ಈ ಕಡತ ಫೋನಿನಲ್ಲಿ ತೆರೆಯದಿರಬಹುದು. ಇದು ಹಂಚುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ.

ಇಲ್ಲಿ ಎರಡು ಕಡೆ ಜಾರುತ್ತದೆ. ಒಂದು, ಬಣ್ಣ. ಬ್ಲೆಂಡರ್ 2.80ರಿಂದ ಫಿಲ್ಮಿಕ್, 4.0ರಿಂದ ಎಜಿಎಕ್ಸ್ ಎಂಬ ವ್ಯೂ ಟ್ರಾನ್ಸ್‌ಫಾರ್ಮ್ ತಾನಾಗಿ ಬರುತ್ತದೆ. 3ಡಿ ದೃಶ್ಯದ ಬೆಳಕಿಗೆ ಅದು ಚೆನ್ನ. ಆದರೆ ಆಗಲೇ ರೆಂಡರ್ ಆದ ಚಿತ್ರಗಳನ್ನು ಜೋಡಿಸುವ ಕಡತದಲ್ಲೂ ಅದೇ ಉಳಿದಿದ್ದರೆ ಒಂದೇ ಬಣ್ಣಕ್ಕೆ ಎರಡು ಸಲ ಸಂಸ್ಕಾರವಾಗಿ, ಹುಲಿಯ ಹಳದಿ ತೊಳೆದ ಬಟ್ಟೆಯಂತೆ ಮಾಸುತ್ತದೆ. ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಸ್ಟ್ಯಾಂಡರ್ಡ್ ಎಂದು ಬದಲಿಸಿ, ಮೂಲ ಪಿಎನ್‌ಜಿ ಪಕ್ಕ ಇಟ್ಟು ಹೋಲಿಸಿ.

ಇನ್ನೊಂದು, ಫ್ರೇಮ್ ರೇಟ್. ಚಿತ್ರಗಳ ಸಾಲಿಗೆ ವೇಗ ಹೇಳದೆ ಕೊಟ್ಟರೆ ಎಫ್‌ಎಫ್‌ಎಂಪೆಗ್ ಸೆಕೆಂಡಿಗೆ 25 ಎಂದುಕೊಳ್ಳುತ್ತದೆ. 2160 ಚಿತ್ರ ಆಗ 86.4 ಸೆಕೆಂಡಿಗೆ ಮುಗಿಯುತ್ತದೆ. ಶುರುವಿನಲ್ಲಿ ಸರಿಯಿದ್ದ ತಾಳ ನಿಧಾನಕ್ಕೆ ತಪ್ಪುತ್ತ ಕೊನೆಗೆ 3.6 ಸೆಕೆಂಡು ಅಂತರ. ಹುಲಿ ಕುಣಿದು ಸುಮ್ಮನಾದ ಮೇಲೂ ತಾಸೆ ಬಡಿಯುತ್ತಲೇ ಇರುತ್ತದೆ. ಆದೇಶ ಟೈಪ್ ಮಾಡುವವರು ಫ್ರೇಮ್‌ರೇಟ್ ಆಯ್ಕೆಯನ್ನು ಇನ್‌ಪುಟ್ ಹೆಸರಿನ ಮೊದಲೇ ಬರೆಯಬೇಕು. ಪಿಕ್ಸೆಲ್ ಫಾರ್ಮ್ಯಾಟ್ ಕೂಡ ಹೇಳಲೇಬೇಕು. ಪಿಎನ್‌ಜಿಯಿಂದ ನೇರ ಎಕ್ಸ್264ಕ್ಕೆ ಹೋದಾಗ ಅದು 4:4:4 (ಪ್ರತಿ ಪಿಕ್ಸೆಲಿಗೂ ಪೂರ್ತಿ ಬಣ್ಣದ ಮಾಹಿತಿ ಇಡುವ) ಬಣ್ಣವನ್ನು ಆರಿಸಿಕೊಳ್ಳುತ್ತದೆ. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಚೆನ್ನಾಗಿಯೇ ಓಡುವ ಆ ಕಡತ ಫೋನಿನಲ್ಲಿ ಧ್ವನಿ ಮಾತ್ರ ಕೇಳಿಸಿ ಕಪ್ಪು ಪರದೆ ತೋರಿಸುವುದು ಇದರಿಂದಲೇ. ಹಂಚುವ ಪ್ರತಿಗೆ 4:2:0, ಅಂದರೆ ಬಣ್ಣದ ಮಾಹಿತಿ ಕಡಿಮೆ ಮಾಡಿದ ರೂಪ, ಇರಲಿ. ಅದಕ್ಕೆ ಅಗಲ ಮತ್ತು ಎತ್ತರ ಎರಡೂ ಸಮಸಂಖ್ಯೆ ಆಗಿರಬೇಕು, 1081 ಎಂದಿದ್ದರೆ ಎನ್‌ಕೋಡಿಂಗ್ ಶುರುವೇ ಆಗುವುದಿಲ್ಲ.

ಮೂರನೇ ಹೆಜ್ಜೆ: ಹ್ಯಾಂಡ್‌ಬ್ರೇಕಿನಲ್ಲಿ ಹಂಚುವ ಪ್ರತಿ

ಮೂಲಪ್ರತಿಯನ್ನು ಹ್ಯಾಂಡ್‌ಬ್ರೇಕಿಗೆ ಎಳೆದು ಹಾಕಿ. ಫಾಸ್ಟ್ 1080ಪಿ30 ಎಂಬ ಪ್ರಿಸೆಟ್‌ನಿಂದ ಹೊರಡಿ, ಆಮೇಲೆ ಒಂದೊಂದೇ ಟ್ಯಾಬ್ ತಿದ್ದುತ್ತ ಹೋಗಿ.

1. ಸಮ್ಮರಿ: ಎಂಪಿ4, ವೆಬ್ ಆಪ್ಟಿಮೈಜ್ಡ್ ಗುರುತು ಹಾಕಿ. ಆ ಕೊನೆಯ ಸೂಚಿಯನ್ನು ಇದು ಕಡತದ ಮುಂಭಾಗಕ್ಕೆ ತರುತ್ತದೆ, ಪೂರ್ತಿ ಇಳಿಯುವ ಮೊದಲೇ ವಿಡಿಯೊ ಓಡಲು ಶುರುವಾಗುತ್ತದೆ.

2. ಡೈಮೆನ್ಶನ್ಸ್: ಕ್ರಾಪಿಂಗ್ ಆಟೊಮ್ಯಾಟಿಕ್ ಎಂದಿದ್ದುದನ್ನು "ನನ್" (ಕತ್ತರಿಸುವುದೇ ಬೇಡ) ಎಂದು ಮಾಡಿ. ಅಂಚಿನ ಕಪ್ಪನ್ನು ಅದು ಬೇಡದ ಪಟ್ಟಿ ಎಂದುಕೊಂಡು ಕತ್ತರಿಸುತ್ತದೆ. ರಾತ್ರಿಯ ದೃಶ್ಯ, ಯಕ್ಷಗಾನದ ರಂಗಸ್ಥಳದ ಕತ್ತಲೆ ಇರುವ ಚಿತ್ರಕ್ಕೆ ಇದು ಅಪಾಯ.

3. ಫಿಲ್ಟರ್ಸ್: ಇಂಟರ್‌ಲೇಸ್ ಡಿಟೆಕ್ಷನ್, ಡಿಇಂಟರ್‌ಲೇಸ್ ಎರಡೂ ಆಫ್. ಇವು ಹಳೆಯ ಟಿವಿ ಚಿತ್ರಗಳಿಗೆ ಬೇಕಾದವು, ಅನಿಮೇಷನ್ನಿನ ತೆಳು ಅಡ್ಡಗೆರೆಗಳನ್ನು ದೋಷವೆಂದು ತಿಳಿದು ಮೆತ್ತಗೆ ಮಾಡಿಬಿಡಬಹುದು.

4. ವಿಡಿಯೊ: ಎನ್‌ಕೋಡರ್ ಎಚ್.264 (ಎಕ್ಸ್264). ಫ್ರೇಮ್‌ರೇಟ್ ಸೇಮ್ ಆ್ಯಸ್ ಸೋರ್ಸ್, ಕಾನ್‌ಸ್ಟಂಟ್. ಆರ್‌ಎಫ್ 18. ಪ್ರಿಸೆಟ್ ಸ್ಲೋ. ಟ್ಯೂನ್ ಆ್ಯನಿಮೇಶನ್. ಪ್ರೊಫೈಲ್ ಹೈ. ಲೆವೆಲ್ 4.0.

5. ಆಡಿಯೊ: ಎಎಸಿ, ಸ್ಟೀರಿಯೊ, 192 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೊಬಿಟ್, ಇದೇ ಬಿಟ್‌ರೇಟ್), 48 ಕಿಲೊಹರ್ಟ್ಸ್.

ನಾಲ್ಕನೆಯದರ ಬಗ್ಗೆ ಎರಡು ಮಾತು ಹೆಚ್ಚು ಬೇಕು. ಆರ್‌ಎಫ್ ಸಂಖ್ಯೆ ಕಡಿಮೆಯಾದಷ್ಟು ಗುಣಮಟ್ಟ ಹೆಚ್ಚು, ಕಡತ ದೊಡ್ಡದು. ಸುಮಾರು 6 ಅಂಕ ಇಳಿಸಿದರೆ ಗಾತ್ರ ಇಮ್ಮಡಿಯ ಹತ್ತಿರ ಹೋಗುತ್ತದೆ. ಟ್ಯೂನ್ ಆ್ಯನಿಮೇಶನ್ ಎಂದರೆ ಒಂದೇ ಬಣ್ಣದ ಜಾಗಗಳ ಅಂಚಿನಲ್ಲಿ ಏಳುವ ಚೌಕ ಕಲೆಗಳನ್ನು ಹೆಚ್ಚು ನಯಗೊಳಿಸು, ಹಿಂದಿನ ಫ್ರೇಮುಗಳನ್ನು ಹೆಚ್ಚು ನೆನಪಿಟ್ಟುಕೊಂಡು ಬಳಸು ಎಂದು ಹೇಳಿದಂತೆ. ಒಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುವ 2ಡಿಯಲ್ಲಿ ಎರಡನೆಯದಕ್ಕೆ ಹೆಚ್ಚುಕಡಿಮೆ ಏನೂ ಖರ್ಚಾಗುವುದಿಲ್ಲ. ಇದೇ ಕಾರಣಕ್ಕೆ 2ಡಿ ಅನಿಮೇಷನ್ ಕ್ಯಾಮೆರಾದಲ್ಲಿ ತೆಗೆದ ವಿಡಿಯೊಗಿಂತ ಬಹಳ ಚಿಕ್ಕದಾಗುತ್ತದೆ. ಮರಳು, ಬಟ್ಟೆಯ ನೇಯ್ಗೆ ತೋರುವ 3ಡಿ ರೆಂಡರಿಗೆ ಮಾತ್ರ ಈ ಟ್ಯೂನ್ ಬೇಡ, ನಯ ಮಾಡುವ ಭರದಲ್ಲಿ ಆ ಸೂಕ್ಷ್ಮವನ್ನೇ ಒರೆಸುತ್ತದೆ. ಲೆವೆಲ್ ಆಟೊ ಬಿಟ್ಟರೆ ನೆನಪಿಡುವ ಫ್ರೇಮುಗಳ ಸಂಖ್ಯೆ ಏರಿ ಹಳೆಯ ಫೋನು ತಡವರಿಸಬಹುದು. 4.0 ಎಂದರೆ 1080 ಅಳತೆಗೆ 4 ಫ್ರೇಮಿಗೆ ಕಟ್ಟು ಹಾಕಿದಂತೆ.

ಎನ್‌ವೆಂಕ್, ಕ್ವಿಕ್ ಸಿಂಕ್ ಎಂಬ ಹಾರ್ಡ್‌ವೇರ್ ಎನ್‌ಕೋಡರುಗಳು ಬೇಗ ಮುಗಿಸುತ್ತವೆ, ನಿಜ. ಆದರೆ ಅಷ್ಟೇ ಗುಣಮಟ್ಟಕ್ಕೆ ಕಡತ ದೊಡ್ಡದಾಗುತ್ತದೆ. ಒಂದೂವರೆ ನಿಮಿಷದ ಚಿತ್ರಕ್ಕೆ ಅವಸರ ಏನು ಮಾರಾಯ್ರೆ, ಒಂದು ಚಾ ಕುಡಿದು ಬನ್ನಿ.

ಪೂರ್ತಿ ಎನ್‌ಕೋಡ್ ಮಾಡುವ ಮುಂಚೆ ಅತ್ಯಂತ ಕಷ್ಟದ ಹತ್ತು ಸೆಕೆಂಡು ಆರಿಸಿ: ಮಳೆ, ಚಕ್ರ ತಿರುಗುವ ಹುಲಿ, ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಜಾಗ. ರೇಂಜ್ ಎಂಬಲ್ಲಿ ಆ ಸೆಕೆಂಡುಗಳನ್ನಷ್ಟೇ ಕೊಟ್ಟು ಆರ್‌ಎಫ್ 16, 18, 20, 22ರಲ್ಲಿ ನಾಲ್ಕು ತುಣುಕು ಮಾಡಿ. ವಿಎಲ್‌ಸಿಯಲ್ಲಿ ಇ ಕೀಲಿ ಒತ್ತುತ್ತ ಒಂದೊಂದೇ ಫ್ರೇಮ್ ನೋಡಿ. ಕಣ್ಣಿಗೆ ವ್ಯತ್ಯಾಸ ಕಾಣದ ಅತಿ ದೊಡ್ಡ ಸಂಖ್ಯೆಯೇ ನಿಮ್ಮದು.

ಕಾಣಿಸುವ ದೋಷ, ಅದರ ಬೇರು

ಕೆಂಪು ಕಲಸುವುದು. 4:2:0 ಎಂದರೆ ಬೆಳಕಿನ ಮಾಹಿತಿ ಪೂರ್ತಿ 1920×1080ರಲ್ಲಿ ಉಳಿದು, ಬಣ್ಣದ ಮಾಹಿತಿ 960×540ಕ್ಕೆ ಇಳಿಯುತ್ತದೆ. ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದು ಶೇ. 21, ನೀಲಿಯದು ಶೇ. 7. ಕಪ್ಪಿನ ಮೇಲೆ ಎಳೆದ ತೆಳು ಕೆಂಪು ಗೆರೆಗೆ ಹೊಳಪಿನ ಆಸರೆ ಕಡಿಮೆ, ಬಣ್ಣದ ಆಸರೆ ಅರ್ಧ, ಹಾಗಾಗಿ ಅದು ಹರಡುತ್ತದೆ. ಯಕ್ಷಗಾನದ ಬಣ್ಣದ ವೇಷದ ಮುಖದ ಮೇಲಿನ ಬಿಳಿ ಚುಟ್ಟಿ (ಚುಕ್ಕಿ) ಎಷ್ಟೇ ಚಿಕ್ಕದಿದ್ದರೂ ಚೊಕ್ಕವಾಗಿ ಉಳಿಯುತ್ತದೆ, ಅದರ ಪಕ್ಕದ ಕೆಂಪು ಗೆರೆ ಮಾತ್ರ ಮಸುಕು. ಹುಲಿಯ ಹಳದಿ ಕಪ್ಪು ಪಟ್ಟೆ ಇದಕ್ಕಿಂತ ಗಟ್ಟಿ, ಯಾಕೆಂದರೆ ಹಳದಿಯಲ್ಲಿ ಹಸಿರು ಕೂಡ ಇದೆ. ಮದ್ದು ಬರೆಯುವಾಗಲೇ ಮಾಡಬೇಕು. ಕೆಂಪು ಗೆರೆ ಕನಿಷ್ಠ 4 ಪಿಕ್ಸೆಲ್ ದಪ್ಪ ಇರಲಿ, ಕೆಂಪು ಹಸಿರು ತಾಗುವಲ್ಲಿ ನಡುವೆ ಕಪ್ಪು ಅಂಚು ಬರಲಿ. ಯೂಟ್ಯೂಬಿಗಾದರೆ 3840×2160ಕ್ಕೆ ಹಿಗ್ಗಿಸಿ ಏರಿಸಬಹುದು, ಆಗ ಬಣ್ಣಕ್ಕೆ ಪೂರ್ತಿ 1920×1080 ಸಿಗುತ್ತದೆ. ಹಿಗ್ಗಿಸುವುದು ಮೂಲಪ್ರತಿಯನ್ನು, ಹಂಚುವ ಪ್ರತಿಯನ್ನಲ್ಲ.

ಆಕಾಶದಲ್ಲಿ ಮೆಟ್ಟಿಲು. ಮಲ್ಪೆಯ ಸೂರ್ಯಾಸ್ತದಂತೆ ಕೇಸರಿಯಿಂದ ನೇರಳೆಗೆ ನಿಧಾನ ಇಳಿಯುವ ಆಕಾಶ ಪಟ್ಟಿ ಪಟ್ಟಿಯಾಗುತ್ತದೆ. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ ಮಾತ್ರ, ಅದರಲ್ಲೂ ಹತ್ತಿರದ ಹಂತಗಳನ್ನು ಎನ್‌ಕೋಡರ್ ಒಂದುಗೂಡಿಸುತ್ತದೆ. ರೆಂಡರ್ ಮಾಡುವಾಗ ಪೋಸ್ಟ್ ಪ್ರೊಸೆಸಿಂಗ್‌ನ ಡಿದರ್ (ಮೆಟ್ಟಿಲು ಮರೆಸುವ ಸೂಕ್ಷ್ಮ ಗದ್ದಲ) ಮೌಲ್ಯ ಸ್ವಲ್ಪ ಏರಿಸಿ, ಅಥವಾ ಆಕಾಶದ ಪದರಕ್ಕೆ ಮಾತ್ರ ಕಣ್ಣಿಗೆ ಕಂಡೂ ಕಾಣದಷ್ಟು ಕಾಳುಕಾಳು ಗದ್ದಲ ಸೇರಿಸಿ, ಆರ್‌ಎಫ್ 16ಕ್ಕೆ ಇಳಿಸಿ. ಎಚ್.264ರ 10 ಬಿಟ್ ಆಯ್ಕೆ ಆಸೆ ಹುಟ್ಟಿಸುತ್ತದೆ, ಆದರೆ ಬಹಳಷ್ಟು ಫೋನುಗಳು ಅದನ್ನು ಓಡಿಸುವುದಿಲ್ಲ.

ಮಳೆ. ಆಷಾಢದ ಮಳೆಯನ್ನು ಪ್ರತಿ ಫ್ರೇಮಿಗೂ ಬೇರೆ ಬೇರೆ ಗೆರೆಗಳಲ್ಲಿ ಬರೆದರೆ ಎನ್‌ಕೋಡರಿಗೆ ಹಿಂದಿನ ಫ್ರೇಮಿನಿಂದ ಎರವಲು ತರಲು ಏನೂ ಸಿಗುವುದಿಲ್ಲ. ಮಳೆಯ ದೃಶ್ಯಕ್ಕೇ ಕಡತ ಉಬ್ಬುತ್ತದೆ. ಮಳೆಯನ್ನೂ ಎರಡೆರಡು ಫ್ರೇಮ್ ನಿಲ್ಲಿಸಿ, ಗೆರೆ ಕಡಿಮೆ ಮಾಡಿ ದಪ್ಪ ಮಾಡಿ. ನೋಡುವವರಿಗೆ ಅದು ಹೆಚ್ಚು ಮಳೆಯಾಗಿಯೇ ಕಾಣುತ್ತದೆ.

ತಾಸೆಯ ಪೆಟ್ಟಿನ ಮುಂಚೆ ಸರ್ ಎಂಬ ಸದ್ದು. ಕಡಿಮೆ ಬಿಟ್‌ರೇಟಿನ ಎಎಸಿಯಲ್ಲಿ ಥಟ್ಟನೆ ಏಳುವ ಪೆಟ್ಟಿನ ದೋಷ ಅದಕ್ಕಿಂತ ಒಂದು ಕ್ಷಣ ಮುಂಚಿತವಾಗಿ ಚೆಲ್ಲುತ್ತದೆ. ಮಾತಿಗೆ 96 ಕೆಬಿಪಿಎಸ್ ನಡೆದೀತು, ತಾಸೆ ಚೆಂಡೆಗಳಿಗೆ 192ಕ್ಕಿಂತ ಇಳಿಯಬೇಡಿ. ಧ್ವನಿಯ ತುದಿ 0 ಡೆಸಿಬೆಲ್ ಮುಟ್ಟದೆ ಮೈನಸ್ 1ರಲ್ಲಿ ನಿಲ್ಲಲಿ.

ಎಲ್ಲಿಗೆ ಯಾವ ಪ್ರತಿ

ಯೂಟ್ಯೂಬ್ ನೀವು ಕೊಟ್ಟದ್ದನ್ನು ಹೇಗೂ ಮತ್ತೆ ಎನ್‌ಕೋಡ್ ಮಾಡುತ್ತದೆ. ಅದರ ಸಲಹೆ 1080ಪಿ, 30 ಫ್ರೇಮಿನವರೆಗೆ 8 ಎಂಬಿಪಿಎಸ್, ಸ್ಟೀರಿಯೊ ಧ್ವನಿಗೆ 384 ಕೆಬಿಪಿಎಸ್. ಅಷ್ಟಕ್ಕೇ ಜಿಪುಣತನ ಮಾಡದೆ ಆರ್‌ಎಫ್ 14ರಿಂದ 16ರಲ್ಲಿ ಒಂದು ಪ್ರತಿ ಮಾಡಿ ಏರಿಸಿ, ಧ್ವನಿಗೂ ಆ 384 ಇರಲಿ. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಹಾಟ್‌ಸ್ಪಾಟ್ ಇಟ್ಟು ಏರಿಸುವವರಿಗೂ ನೂರಿನ್ನೂರು ಎಂಬಿ ಭಾರವಲ್ಲ. ಫೋನ್ ಸಂಖ್ಯೆ ದೃಢೀಕರಿಸದ ಖಾತೆಗೆ 15 ನಿಮಿಷದ ಮಿತಿ ಇದೆ ಎಂಬುದು ನೆನಪಿರಲಿ. ಇನ್‌ಸ್ಟಾಗ್ರಾಂ ರೀಲಿಗೆ 1080×1920, 30 ಫ್ರೇಮ್. ಅಡ್ಡ ಚಿತ್ರವನ್ನು ಎನ್‌ಕೋಡರಿನಲ್ಲಿ ಕತ್ತರಿಸಿ ಉದ್ದ ಮಾಡಲು ಹೋಗಬೇಡಿ, ಹುಲಿಯ ಬಾಲ ಹೋಗುತ್ತದೆ. ಮೂಲ ದೃಶ್ಯದಲ್ಲೇ ಚೌಕಟ್ಟು ಬದಲಿಸಿ ಬೇರೆ ರೆಂಡರ್ ಮಾಡಿ.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೆ ಹಿಂಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ತಲುಪುತ್ತದೆ. ನಿಗದಿತ ಗಾತ್ರಕ್ಕೆ ಇಳಿಸಬೇಕಾದರೆ ಆರ್‌ಎಫ್ ಬಿಟ್ಟು ಆ್ಯವರೇಜ್ ಬಿಟ್‌ರೇಟ್ ಮತ್ತು ಮಲ್ಟಿ ಪಾಸ್ ಆರಿಸಿ. ಲೆಕ್ಕ ಸುಲಭ: ಎಂಬಿಯನ್ನು 8000ದಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿ. 15 ಎಂಬಿ, 90 ಸೆಕೆಂಡು ಎಂದರೆ 1333 ಕೆಬಿಪಿಎಸ್. ಧ್ವನಿಯ 192 ಕಳೆದರೆ 1141, ಮುಂಜಾಗ್ರತೆಗೆ 1100 ಎಂದು ಬರೆಯಿರಿ. ಚಿತ್ರ ಅಷ್ಟಕ್ಕೆ ಒಗ್ಗದಿದ್ದರೆ ಅಳತೆಯನ್ನು 1280×720ಕ್ಕೆ ಇಳಿಸಿ, ಚೌಕ ಚೌಕವಾಗಿ ಒಡೆದ 1080ಕ್ಕಿಂತ ಚೊಕ್ಕ 720 ಮೇಲು. ಜಿಫ್ ಮಾತ್ರ ಬೇಡ. ಒಂದು ಫ್ರೇಮಿಗೆ 256 ಬಣ್ಣದ ಮಿತಿ, ಧ್ವನಿಯೂ ಇಲ್ಲ, ಗಾತ್ರ ನೋಡಿದರೆ ಎಂಪಿ4ರ ಹಲವು ಪಟ್ಟು.

ಏರಿಸುವ ಮುಂಚೆ ಹಂಚುವ ಪ್ರತಿಯನ್ನು ಒಂದು ಹಳೆಯ ಫೋನಿಗೆ ಹಾಕಿ ಕೊನೆಯ ಸೆಕೆಂಡಿನವರೆಗೆ ನೋಡಿ: ಧ್ವನಿ ಇದೆಯೇ, ಕೊನೆಯ ತಾಳ ಹೆಜ್ಜೆಗೆ ಕೂರುತ್ತದೆಯೇ, ಅವಧಿ 90 ಸೆಕೆಂಡೇ? ಮೂಲಪ್ರತಿ, ಧ್ವನಿ, ಪಿಎನ್‌ಜಿ ಫೋಲ್ಡರ್ ಮೂರನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಹಂಚುವ ಪ್ರತಿಗಳನ್ನು ಅಳಿಸಿದರೂ ನಷ್ಟವಿಲ್ಲ. ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ ಪ್ರತಿಯನ್ನು ಸಿದ್ಧಮಾಡಿ ತೋರಿಸುತ್ತದೆ, ಎಚ್‌ಡಿ ಬರಲು ಇನ್ನಷ್ಟು ಹೊತ್ತು ಬೇಕು. ಅಲ್ಲಿಯವರೆಗೆ ಅನ್‌ಲಿಸ್ಟೆಡ್ ಇಟ್ಟು, ಸೆಟ್ಟಿಂಗ್ಸ್‌ನಲ್ಲಿ 1080ಪಿ ಕಾಣಿಸಿದ ಮೇಲೆ ಪಬ್ಲಿಕ್ ಮಾಡಿ ಲಿಂಕ್ ಕಳಿಸಿ.